ಕಂಕುಳಲ್ಲಿ ಬಚ್ಚಿಟ್ಟ ಮುಳ್ಳು

ಕೋತಿಗಳ ಹಿಂಡಿನಿಂದ ಕೆಂಪಿಯ ಮರಿಯನ್ನು ಚಿರತೆ ಹೊತ್ತೊಯ್ದಿತು. ಮರುದಿನ ಕೋತಿಗಳೆಲ್ಲ ಮುಳ್ಳುಹಂದಿಯ ಬಳಿ ಹೋಗಿ, ಅದು ಉದುರಿಸಿದ್ದ ಮುಳ್ಳುಗಳನ್ನು ಬೇಡಿದವು.

"ಒಯ್ಯಿರಿ. ಆದರೆ ನನ್ನ ಹಾಗೆ ಎದ್ದು ಕಾಣುವಂತೆ ಇಟ್ಟುಕೊಳ್ಳಿ. ಕಂಡರೆ ತಾನೇ ಚಿರತೆ ದೂರ ನಿಲ್ಲುವುದು," ಎಂದಿತು ಮುಳ್ಳುಹಂದಿ.

"ಇಲ್ಲ, ಕಂಕುಳಲ್ಲಿ ಬಚ್ಚಿಡುತ್ತೇವೆ," ಎಂದ ಹಿಂಡಿನ ಯಜಮಾನ. "ಯಾರ ಬಳಿ ಇದೆ, ಯಾರ ಬಳಿ ಇಲ್ಲ ಎಂದು ತಿಳಿಯದಿದ್ದರೆ ಅದು ಎಲ್ಲರಿಗೂ ಹೆದರುತ್ತದೆ."

"ನಿಮಗೂ ತಿಳಿಯುವುದಿಲ್ಲವಲ್ಲ, ಯಜಮಾನರೇ."

"ನಾವು ನಾವೇ ಅಲ್ಲವೇ? ನಮಗೇನು ಭಯ?"

ಚಿರತೆ ಕೆಲವು ದಿನ ಆ ಕಡೆ ಸುಳಿಯಲಿಲ್ಲ. ಆದರೂ ಎಲೆ ಅಲುಗಿದರೆ ಸಾಕು, ಕೆಂಪಿಯ ಕೈ ಕಂಕುಳಿಗೆ ಹೋಗುತ್ತಿತ್ತು. ಮರಿ ಹೋದ ಮೇಲೆ ಅವಳು ಯಾರ ಮುಂದೆಯೂ ಹೇನು ಹೆಕ್ಕಿಸಿಕೊಳ್ಳಲು ಕೂತಿರಲಿಲ್ಲ. ಅದನ್ನು ಕಂಡು ಮರುಗಿದ ಅವಳ ಅಕ್ಕ ಒಂದು ಸಂಜೆ ಸದ್ದಿಲ್ಲದೆ ಹಿಂದೆ ಬಂದು ಕೂತು, ಕೋತಿಗಳು ನೊಂದವರನ್ನು ಸಂತೈಸುವ ರೀತಿಯಲ್ಲೇ, ತಂಗಿಯ ಬೆನ್ನಿನ ಕೂದಲು ಬಿಡಿಸಿದಳು.

ತಿರುಗಿ ನೋಡುವ ಮೊದಲೇ ಕೆಂಪಿ ಮುಳ್ಳಿನಿಂದ ಚುಚ್ಚಿದ್ದಳು.

ಸತ್ತುಬಿದ್ದ ಅಕ್ಕನ ಕಂಕುಳಲ್ಲಿ ಅವಳ ಮುಳ್ಳು ಹಾಗೇ ಇತ್ತು. ಬೆರಳ ಸಂದಿಯಲ್ಲಿ, ತಂಗಿಯ ಬೆನ್ನಿನಿಂದ ಹೆಕ್ಕಿದ ಹೇನೊಂದು ಇನ್ನೂ ಮಿಸುಕಾಡುತ್ತಿತ್ತು.