ಬಣ್ಣ ಹಚ್ಚದ ಜಾಗ

ಬಹಳ ಹಿಂದೆ, ನಿಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲು ಕಾಣದಿದ್ದಾಗ, ಕೆಂಗುಡ್ಡದ ಬುಡದಲ್ಲಿ ಒಂದು ಊರಿತ್ತು. ಊರೆಂದರೆ ಕಲ್ಲಿನ ಮನೆ, ಅಗಸಿ ಬಾಗಿಲು ಇದ್ದ ಊರಲ್ಲ. ಕುರಿಗಾರರ ಹನ್ನೆರಡು ಹಟ್ಟಿ, ಅಷ್ಟೇ. ಅಲ್ಲಿ ಕರೆಪ್ಪ ಅಂತ ಒಬ್ಬನಿದ್ದನಂತೆ. ಅವನ ಕೆಲಸ ಮನೆಮನೆಗೆ ಗುರುತು ಮಾಡಿಕೊಡುವುದು.

ಗುರುತು ಅಂದರೆ ಕುರಿಯ ಗುರುತು. ಹನ್ನೆರಡು ಹಟ್ಟಿಯ ಕುರಿ ಮೇಯುವುದು ಒಂದೇ ಬಯಲಲ್ಲಿ, ಎಲ್ಲವೂ ಬಿಳಿ ಕುರಿ. ಸಂಜೆ ಹಿಂಡುಗಳು ಬೆರೆತರೆ ಯಾರದು ಯಾವುದು ಅಂತ ಆ ದೇವರೇ ಹೇಳಬೇಕು. ಅದಕ್ಕೇ ಪ್ರತಿ ಸಲ ಉಣ್ಣೆ ಕತ್ತರಿಸಿದ ಮೇಲೆ ಗುಡ್ಡದ ಕೆಮ್ಮಣ್ಣನ್ನು ಅಗಸೆ ಎಣ್ಣೆಯಲ್ಲಿ ಅರೆದು, ಕುರಿಯ ಮೈಮೇಲೆ ತಮ್ಮ ಮನೆಯ ಗುರುತು ಬರೆಯುತ್ತಿದ್ದರು. ಗುರುತಿಲ್ಲದ ಕುರಿ ಸಿಕ್ಕವನ ಪಾಲು.

ಕರೆಪ್ಪ ಬರುವ ಮುಂಚೆ ಒಬ್ಬೊಬ್ಬರೂ ತಮಗೆ ಕಂಡದ್ದನ್ನು ಬರೆದುಕೊಳ್ಳುತ್ತಿದ್ದರಂತೆ. ಒಬ್ಬ ನವಿಲು ಬರೆದ. ಒಬ್ಬ ಹದಿನಾರು ಕಿರಣದ ಸೂರ್ಯನನ್ನು ಬರೆದ. ಇನ್ನೊಬ್ಬ ತ್ರಿಶೂಲ ಬರೆದು, ಸಾಲದೆಂದು ಅದಕ್ಕೊಂದು ಹಾವು ಸುತ್ತಿಸಿದ. ಹತ್ತಿರ ನಿಂತು ನೋಡಿದರೆ ಎಲ್ಲವೂ ಚಂದ. ನೂರು ಹೆಜ್ಜೆ ಹಿಂದೆ ಸರಿದರೆ ನವಿಲೂ ಇಲ್ಲ, ಹಾವೂ ಇಲ್ಲ, ಯಾರೋ ಎಲೆ ಅಡಿಕೆ ಉಗಿದಂತೆ ಕೆಂಪು. ಆಮೇಲೆ ಬಡಿದಾಟ.

ಕರೆಪ್ಪ ಅದನ್ನೆಲ್ಲ ಅಳಿಸಿದನಂತೆ. ಒಂದು ಉಸಿರಿನಲ್ಲಿ ಹೇಳಲಾಗದ ಗುರುತನ್ನು ಕುರಿ ಹೊತ್ತು ತಿರುಗಲಾರದು ಎನ್ನುತ್ತಿದ್ದನಂತೆ. ನವಿಲು ಹೋಗಿ ಜುಟ್ಟು ಉಳಿಯಿತು. ಸೂರ್ಯ ಹೋಗಿ ಬಳೆ ಉಳಿಯಿತು. ಆ ಬಳೆಯನ್ನೂ ಅವನು ಪೂರ್ತಿ ಮುಚ್ಚಲಿಲ್ಲ, ಒಂದು ಕಡೆ ಬೆರಳಿನಷ್ಟು ಬಿಟ್ಟ. ಮನೆಯವರು ಜಗಳಕ್ಕೆ ಬಂದರು. ಹೇಗೂ ಉಣ್ಣೆ ಸೀಳುತ್ತದೆ, ಬಳೆ ಒಡೆಯುತ್ತದೆ, ಒಡೆದದ್ದನ್ನು ಕಣ್ಣೇ ಕೂಡಿಸಿಕೊಳ್ಳುತ್ತದೆ, ನಿಮಗ್ಯಾಕೆ ಚಿಂತೆ ಅಂದನಂತೆ. ನೋಡಿದರೆ ಹೌದು. ಯಾರ ಕಣ್ಣಿಗೂ ಸಂದು ಕಾಣಲಿಲ್ಲ, ಬಳೆಯೇ ಕಂಡಿತು. ಎರಡು ಗೆರೆ ಹತ್ತಿರ ಇಟ್ಟರೆ ಕಣ್ಣು ಅವನ್ನು ಒಂದು ಮನೆಯವು ಅನ್ನುತ್ತದೆ, ದೂರ ಇಟ್ಟರೆ ದಾಯಾದಿಗಳು ಅನ್ನುತ್ತದೆ ಎಂದೂ ಹೇಳುತ್ತಿದ್ದನಂತೆ.

ಬರೆಯುವ ಜಾಗವನ್ನೂ ಬದಲಿಸಿದವನು ಅವನೇ. ಮೊದಲು ಪಕ್ಕೆಗೆ ಬರೆಯುತ್ತಿದ್ದರು. ಬಿಸಿಲೇರಿದರೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ಒತ್ತಾಗಿ ನಿಲ್ಲುತ್ತವೆ, ಆಗ ಪಕ್ಕೆ ಎಲ್ಲಿ ಕಾಣಬೇಕು? ಕರೆಪ್ಪ ಗುರುತನ್ನು ಬೆನ್ನಿಗೆ ತಂದ. ದಿಬ್ಬದ ಮೇಲೆ ನಿಂತರೆ ಇಡೀ ಹಿಂಡು ಓದಲು ಬರುವಂತಾಯಿತು.

ಅವನ ಗುರುತು ಗಟ್ಟಿಯೋ ಜೊಳ್ಳೋ ಅಂತ ಹೇಳುವವಳು ಅವನ ಅತ್ತೆ ನೀಲವ್ವ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಳಿಯನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಹೊಗಳಿದವಳೇ ಅಲ್ಲ. ಅವಳನ್ನು ದೂರ ಕೂರಿಸಿ ಏನು ಕಾಣುತ್ತದೆ ಅಂತ ಕೇಳುತ್ತಿದ್ದನಂತೆ. ಅವಳು ಮುಖ ಗಂಟುಹಾಕಿಕೊಂಡು "ಬಳಿ ಐತಲ್ಲೋ, ನಾನೇನ ಕುರುಡಿ ಏನು?" ಅಂದರೆ ಆ ಗುರುತು ಪಾಸು. ಕರೆಪ್ಪ ಮೋಡಕ್ಕೂ ಗುರುತು ಹಾಕಿದ್ದ, ಮಳೆ ದಾರಿ ತಪ್ಪುತ್ತಿರಲಿಲ್ಲ ಅನ್ನುವವರೂ ಇದ್ದಾರೆ. ಅದನ್ನೆಲ್ಲ ನಂಬಬೇಡಿ. ನಾನೂ ನಂಬುವುದಿಲ್ಲ.

ಇಷ್ಟು ಬಲ್ಲವನೂ ಒಂದು ಸಲ ಎಡವಿದ. ಕಥೆ ಇರುವುದು ಅಲ್ಲಿ.

ಹೊಳೆವ್ವ ಅಂತ ಒಬ್ಬಳಿದ್ದಳು. ಚಿಕ್ಕ ವಯಸ್ಸಿಗೇ ಗಂಡ ಹೋದ. ಅವಳ ಪಾಲಿಗೆ ನಲವತ್ತು ಕುರಿ ಬಂದವು, ಬೇರೆ ಒಲೆ ಹೂಡಿದಳು. ಗಂಡನ ಅಣ್ಣ ಯಮನಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಅಲ್ಲಿ ಒಂದು ಕಟ್ಟಳೆ ಇತ್ತು. ಇಪ್ಪತ್ತು ಕುರಿಯಾದರೂ ಇದ್ದವರಿಗೆ ಮಾತ್ರ ಬೇರೆ ಒಲೆ. ಒಂದು ಕಡಿಮೆಯಾದರೂ ಒಲೆ ಆರಿಸಿ ಹಿರಿಯನ ಮನೆಗೆ ಸೇರಬೇಕು, ಅವನು ಹಾಕಿದ್ದು ಉಣ್ಣಬೇಕು, ಹೇಳಿದ್ದು ಕೇಳಬೇಕು. ಯಮನಪ್ಪನ ಮನೆಯಲ್ಲಿ ಕೂತು ಉಣ್ಣುವುದಕ್ಕಿಂತ ಬಾವಿ ಮೇಲು ಅಂತ ಹೊಳೆವ್ವ ಹೇಳುತ್ತಿದ್ದಳಂತೆ.

ಇನ್ನೊಂದು ಕಟ್ಟಳೆಯೂ ಇತ್ತು. ಮನೆ ಒಡೆದಾಗ ಹಿರಿಯನಿಗೆ ಹಳೆಯ ಗುರುತು, ಕಿರಿಯನಿಗೆ ಅದರಲ್ಲಿ ಒಂದು ಗೆರೆ ಕಡಿಮೆ. ಯಮನಪ್ಪನದು ಮೂರು ಗೆರೆ. ಕರೆಪ್ಪ ಹಿಂದುಮುಂದು ನೋಡದೆ ಹೊಳೆವ್ವನಿಗೆ ಎರಡು ಗೆರೆ ಬರೆದುಕೊಟ್ಟ. ನೀಲವ್ವನೂ ಒಪ್ಪಿದಳು. ಮುಂದಿನ ಉಣ್ಣೆ ಕತ್ತರಿಯ ಹೊತ್ತಿಗೆ ಹೊಳೆವ್ವನ ಹನ್ನೆರಡು ಕುರಿ ಇಲ್ಲ. ಯಮನಪ್ಪನ ಹಿಂಡಿನಲ್ಲಿ ಹನ್ನೆರಡು ಹೆಚ್ಚು. ಎರಡಕ್ಕೆ ಒಂದು ಗೆರೆ ಕೂಡಿಸಲು ಎಷ್ಟು ಹೊತ್ತು ಬೇಕು? ಯಾರು ಸಾಕ್ಷಿ ಹೇಳಬೇಕು?

ಹೊಳೆವ್ವ ಕರೆಪ್ಪನ ಮನೆಗೆ ಬಂದು ನಿಂತಳು. ಅಳಲಿಲ್ಲ, ಕೂಗಾಡಲಿಲ್ಲ.

"ಕಾಕಾ, ನೀ ಕೊಟ್ಟ ಗುರುತ ನನ್ನ ಕುರಿ ಕಾಯಲಿಲ್ಲ. ಕಳ್ಳಗ ದಾರಿ ತೋರಿಸ್ತು" ಅಂದಳಂತೆ.

ಕರೆಪ್ಪನಿಗೆ ನಾಚಿಕೆಯಾಯಿತು. ನಾಲ್ಕು ದಿನ ಅವನದು ಒಂದೇ ಕೆಲಸವಂತೆ. ಕೆಮ್ಮಣ್ಣು ಕುಟ್ಟುವುದು, ಯೋಚಿಸುವುದು. ಯಾವ ಗುರುತು ಬರೆದರೂ ಅದಕ್ಕೆ ಇನ್ನಷ್ಟು ಬಣ್ಣ ಕೂಡಿಸಿ ಬೇರೆ ಮಾಡಬಹುದು. ಹಚ್ಚುವುದು ಎಲ್ಲರಿಗೂ ಬರುತ್ತದೆ. ಐದನೆಯ ದಿನ ಕುಟ್ಟುವ ಕಲ್ಲಿನ ಪಕ್ಕದಲ್ಲಿದ್ದ ಬೋಗುಣಿಯನ್ನು ಎತ್ತಿದ. ಸುತ್ತೆಲ್ಲ ಕೆಂಪು ಧೂಳು, ಬೋಗುಣಿ ಇದ್ದಲ್ಲಿ ದುಂಡಗೆ ಬರಿ ನೆಲ. ಅವನ ಕಣ್ಣು ಧೂಳನ್ನು ಬಿಟ್ಟು ಆ ಬರಿ ನೆಲಕ್ಕೇ ಹೋಯಿತು. ಅಲ್ಲೇ ಕೂತುಬಿಟ್ಟನಂತೆ.

ಹೊಳೆವ್ವನನ್ನು ಕರೆಸಿದ. ಬೆರಳು ಕೂಡಿಸಿ ಅಂಗೈಯನ್ನು ಕುರಿಯ ಬೆನ್ನ ಮೇಲೆ ಇಡು ಅಂದ. ಇಟ್ಟಳು. ಅವಳ ಕೈ ಸುತ್ತ ಒಂದು ಗೇಣು ಅಗಲ ಕೆಂಪು ಬಳಿದ. ಕೈ ಎತ್ತು ಅಂದ. ಎತ್ತಿದಳು. ಬೆನ್ನೆಲ್ಲ ಕೆಂಪು, ನಡುವೆ ಬಿಳಿಯ ಕೈ.

ನೀಲವ್ವನನ್ನು ದಿಬ್ಬದ ಮೇಲೆ ಕೂರಿಸಿದರು. ಏನು ಕಾಣಿಸುತ್ತದೆ ಅಂದರೆ, "ಕೆಂಪ ಕಾಣಸ್ತೈತಿ, ನಡುವ ತೂತ ಬಿದ್ದೈತಿ" ಅಂದಳು. ಕರೆಪ್ಪನ ಮುಖ ಸಣ್ಣದಾಯಿತು. ಅವಳು ಇನ್ನೂ ಸ್ವಲ್ಪ ನೋಡಿದಳು. "ತಡಿಯೋ ಅಳಿಯಾ, ತೂತಲ್ಲ ಅದು. ಏನೋ ಬೆಳ್ಳಗ ಎದ್ದ ನಿಂತೈತಿ" ಅಂದಳು. ಹೊಳೆವ್ವನ ಬಳಿ ಉಳಿದಿದ್ದ ಇಪ್ಪತ್ತೆಂಟು ಕುರಿಗೂ ಹಾಗೇ ಬಳಿದರು.

ಮೂರು ತಿಂಗಳು ಹೋಯಿತು. ಒಂದು ಬೆಳಿಗ್ಗೆ ಎಣಿಸಿದರೆ ಹತ್ತೊಂಬತ್ತು. ಒಂಬತ್ತು ಇಲ್ಲ.

ಯಮನಪ್ಪ ತಾನೇ ಪಂಚರನ್ನು ಕರೆಸಿದ. ತಮ್ಮನ ಹೆಂಡತಿಯ ಹಿಂಡು ಇಪ್ಪತ್ತಕ್ಕಿಂತ ಇಳಿದಿದೆ, ಕಟ್ಟಳೆ ಪ್ರಕಾರ ಒಲೆ ಆರಿಸಿ ಅಂದ. ಗೌಡ ಎರಡೂ ಹಿಂಡು ತರಿಸಿದ. ಯಮನಪ್ಪನ ಹಿಂಡಿನಲ್ಲಿ ಮೂರು ಗೆರೆಯವುಗಳ ನಡುವೆ ಒಂಬತ್ತು ಕುರಿಗೆ ಬೆನ್ನು ತುಂಬ ಕೆಂಪು ಮೆತ್ತಿತ್ತು. ಇವು ಯಾವುವು ಅಂದರೆ, ಆಚೆ ಸೀಮೆಯಿಂದ ಕೊಂಡು ತಂದವು, ಹೊಸ ಗುರುತು ಹಾಕಿದ್ದೇನೆ ಅಂದ. ಗೌಡ ಕುರಿಯ ಹತ್ತಿರ ಬಗ್ಗಿ ನೋಡಿದ. ಬರೀ ಕೆಂಪು. ಪಂಚರೂ ನೋಡಿದರು. ಬರೀ ಕೆಂಪು. ಕಟ್ಟಳೆ ಕಟ್ಟಳೆಯೇ ಅಂತ ಹೇಳಿ, ಒಲೆಗೆ ಸುರಿಯಲು ಒಂದು ಕೊಡ ನೀರು ತರಲು ಗೌಡ ಆಳನ್ನು ಕಳಿಸಿದ.

ಅಷ್ಟರಲ್ಲಿ ಹೊತ್ತು ನೆತ್ತಿಗೇರಿತು. ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡವು. ಪಂಚರು ನೆರಳಿಗೆಂದು ದಿಬ್ಬದ ಬೇವಿನ ಮರದ ಕೆಳಗೆ ಹೋಗಿ ಕೂತರು. ಕೂತು ಕೆಳಗೆ ನೋಡಿದರು. ಕೂತವರು ಒಬ್ಬೊಬ್ಬರಾಗಿ ಎದ್ದು ನಿಂತರಂತೆ.

ಕರೆಪ್ಪ ಬಳಿದ ಬಣ್ಣ ಮೂರು ತಿಂಗಳ ಬಿಸಿಲಿಗೆ ಕಂದಿತ್ತು. ಯಮನಪ್ಪ ಹೊಸದಾಗಿ ತುಂಬಿಸಿದ ಜಾಗ ಮಾತ್ರ ನಿಗಿನಿಗಿ ಹೊಳೆಯುತ್ತಿತ್ತು. ಹತ್ತಿರದಿಂದ ಉಣ್ಣೆಯ ಸೀಳುಗಳಲ್ಲಿ ಚೂರಾಗಿ ಬರೀ ಕೆಂಪು ಕಂಡದ್ದು ದೂರದಿಂದ ಒಂಬತ್ತು ಕೈ. ಬಿಳಿಯದಾಗಿದ್ದಾಗ ಕಂಡದ್ದಕ್ಕಿಂತ ಈಗಲೇ ಚೆನ್ನಾಗಿ ಕಾಣುತ್ತಿತ್ತಂತೆ.

ಹೊಳೆವ್ವ ದಿಬ್ಬ ಇಳಿದಳು. ಹಿಂಡಿನೊಳಗೆ ನಡೆದು ಒಂದು ಕುರಿಯ ಬೆನ್ನ ಮೇಲೆ ಅಂಗೈ ಇಟ್ಟಳು. ಆ ಗುರುತಿನೊಳಗೆ ಸರಿಯಾಗಿ ಕೂತಿತು. ಇನ್ನೊಂದರ ಮೇಲೆ ಇಟ್ಟಳು. ಕೂತಿತು. ಮೂರನೆಯದಕ್ಕೆ ಕೈ ಚಾಚುವಷ್ಟರಲ್ಲಿ ಗೌಡ ಸಾಕು ತಂಗಿ ಅಂದನಂತೆ. ಕೊಡದ ನೀರನ್ನು ಬೇವಿನ ಬುಡಕ್ಕೆ ಸುರಿಸಿದ.

ಇದನ್ನೆಲ್ಲ ಕರೆಪ್ಪ ಮೊದಲೇ ಲೆಕ್ಕ ಹಾಕಿದ್ದ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತುಂಬಿದರೆ ಕುರಿ ಬರೀ ಕೆಂಪಾಗುತ್ತದೆ, ಅಂಥ ಗುರುತು ಯಾರಿಗೂ ಇಲ್ಲ, ಕಳ್ಳ ಸಿಕ್ಕಿಬೀಳುತ್ತಾನೆ ಎಂದಷ್ಟೇ ಅವನು ಎಣಿಸಿರಬೇಕು. ಕಳ್ಳನೇ ಕೈ ಬರೆದುಕೊಡುತ್ತಾನೆ ಅಂತ ಯಾರಿಗೆ ಗೊತ್ತಿರುತ್ತದೆ? ದಿಬ್ಬದ ಮೇಲೆ ಎಲ್ಲರ ಜೊತೆ ಅವನೂ ಬಾಯಿಬಿಟ್ಟುಕೊಂಡು ನಿಂತಿದ್ದನಂತೆ. ನಾನು ನಂಬುವುದು ಅದನ್ನು.

ಒಂಬತ್ತೂ ಬಂದವು, ಹಿಂದಿನ ಹನ್ನೆರಡೂ ಬಂದವು. ಯಮನಪ್ಪನಿಗೆ ಬೇರೆ ಶಿಕ್ಷೆ ಕೊಡಲಿಲ್ಲ. ಇನ್ನು ಮೇಲೆ ಪ್ರತಿ ಕತ್ತರಿಯ ಮರುದಿನ ಹೊಳೆವ್ವನ ಕೈ ಸುತ್ತ ಬಣ್ಣ ಬಳಿಯುವವನು ನೀನೇ ಅಂದರು.

ಕರೆಪ್ಪ ಹೋಗಿ ಎಷ್ಟು ಕಾಲವಾಯಿತೋ. ಆ ಸೀಮೆಯಲ್ಲಿ ಇವತ್ತಿಗೂ ಬೇರೆ ಒಲೆ ಹೂಡಿದ ಹೆಣ್ಣಿನ ಕುರಿಗೆ ಗುರುತು ಬರೆಯುವುದಿಲ್ಲ, ಬಿಡುತ್ತಾರೆ. ಆ ಬಿಟ್ಟ ಜಾಗಕ್ಕೆ ಕರೆಪ್ಪನ ಜಾಗ ಅಂತಲೇ ಹೆಸರು. ಅವಳು ಮೊದಲ ಕುರಿಯ ಬೆನ್ನ ಮೇಲೆ ಕೈ ಇಡುತ್ತಾಳೆ, ಗಂಡನ ಅಣ್ಣ ಕರೆಪ್ಪನ ಹೆಸರು ಹೇಳಿ ಸುತ್ತ ಬಣ್ಣ ಬಳಿಯುತ್ತಾನೆ. ಬಣ್ಣ ಅವಳ ಕೈಗೆ ತಾಗಿದರೆ ಒಂದು ಮರಿ ದಂಡ. ಬಳಿದು ಮುಗಿದ ಮೇಲೂ, ಅವಳು ಕೈ ಎತ್ತುವ ತನಕ ಅವನು ಬೆನ್ನು ಬಗ್ಗಿಸಿಯೇ ನಿಂತಿರಬೇಕು.

ಕೆಲವರು ಬೇಗ ಎತ್ತುವುದಿಲ್ಲವಂತೆ.