ಉಗುರು ಅಳೆದ ದಾರ

"ಅವ್ವ, ಹೇಮಾವತಿ ನನಗಿಂತ ಎಷ್ಟು ಮುಂದಿದ್ದಾಳೆ? ಇದ್ದದ್ದನ್ನು ಇದ್ದ ಹಾಗೆ ಹೇಳಿ" ಎಂದು ದಾಕ್ಷಾಯಿಣಿ ಕೇಳಿದಳು.

ಅವ್ವ ಆ ಆಶ್ರಮದ ಗುರು. ಇಬ್ಬರೂ ಅವರ ಶಿಷ್ಯೆಯರು. ದಾಕ್ಷಾಯಿಣಿ ಬಂದು ಒಂಬತ್ತು ವರ್ಷವಾಗಿತ್ತು, ಹೇಮಾವತಿ ಬಂದು ಎರಡು ವರ್ಷ. ಅವ್ವ ಹೇಳಿದ ಮಾತಿಗೆ ತಮಗೆ ತಿಳಿದಂತೆ ಅರ್ಥ ಬರೆಯುವುದು ಅವರ ಕೆಲಸ. ಒಂದು ತಿಂಗಳಿಂದ ದಾಕ್ಷಾಯಿಣಿ ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕುತ್ತಿದ್ದಳು.

"ಯಾಕೆ ಹರಿದೆ?" ಎಂದು ಅವ್ವ ಕೇಳಿದರು.

"ಅವಳ ಬರಹದ ಪಕ್ಕ ಇಟ್ಟು ನೋಡಿದೆ. ಚಿಕ್ಕದಾಗಿ ಕಂಡಿತು."

"ಕೂತುಕೋ" ಎಂದು ಅವ್ವ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸುಣ್ಣದ ವ್ಯಾಪಾರಿ ಇದ್ದ. ಅವನಿಗೆ ಸುಣ್ಣದ ಕಲ್ಲು ಸುಡುವ ಸ್ವಂತ ಭಟ್ಟಿ ಇತ್ತು. ಅದೇ ಊರಿನಲ್ಲಿ ಕಲ್ಲು ಒಡೆಯುವ ಒಬ್ಬ ಹೆಂಗಸು ಇದ್ದಳು. ಊರ ಹೊರಗಿನ ಬಂಡೆಗಳಲ್ಲಿ ಡೈನೋಸಾರ್ ಉಗುರುಗಳು ಸಿಗುತ್ತಿದ್ದವು. ಮನುಷ್ಯರು ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲು ಸತ್ತ ಪ್ರಾಣಿಯ ಉಗುರಿನ ಮೂಳೆ, ಕಲ್ಲಾಗಿ ಉಳಿದದ್ದು. ವರ್ಷಕ್ಕೆ ಒಂದು ಸಿಕ್ಕರೆ ಹೆಚ್ಚು. ಊರಿನವರಿಗೆ ಅದು ಬರೀ ಕಲ್ಲು. ಅದರ ಹುಚ್ಚು ಇದ್ದದ್ದು ಇವರಿಬ್ಬರಿಗೆ ಮಾತ್ರ.

ವ್ಯಾಪಾರಿಯ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ಉಗುರುಗಳಿದ್ದವು. ಹೆಂಗಸಿನ ಮನೆಯ ಗೂಡಿನಲ್ಲಿ ಒಂದೇ ಒಂದು. ಆದರೆ ಅದು ಗೇಣುದ್ದ ಇತ್ತು, ತುದಿ ಮುರಿದಿರಲಿಲ್ಲ. ದೂರದಿಂದ ನೋಡಲು ಬಂದವರು ಮೊದಲು ಅವಳ ಮನೆ ಕೇಳುತ್ತಿದ್ದರು. ಆಮೇಲೆ ವ್ಯಾಪಾರಿಯ ಪೆಟ್ಟಿಗೆ ನೋಡಿ, "ನಿಮ್ಮವೂ ಚೆನ್ನಾಗಿವೆ, ಸಾಹುಕಾರ್ರೇ" ಎನ್ನುತ್ತಿದ್ದರು. ಅಂಥ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಅವನು ಅವಳ ಮನೆಗೇ ಹೋದ. ಉಗುರನ್ನು ಎತ್ತಿಕೊಂಡು ನಾಲಿಗೆಗೆ ಮುಟ್ಟಿಸಿದ. ಬರೀ ಕಲ್ಲಾದರೆ ನಾಲಿಗೆಗೆ ಅಂಟುವುದಿಲ್ಲ, ಕಲ್ಲಾದ ಮೂಳೆ ಅಂಟುತ್ತದೆ. ಸುಳ್ಳಾಗಿರಲಿ ಎಂದು ಅವನು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದ. ಅಂಟಿತು.

"ಏನು ಸಾಹುಕಾರ್ರೇ, ಉಪ್ಪು ಹದವಾಗಿದೆಯಾ?" ಎಂದು ಹೆಂಗಸು ನಕ್ಕಳು.

"ಅಳತೆ ತೆಗೆದುಕೊಳ್ಳಲಾ?"

"ತಗೊಳ್ಳಿ. ಅಳೆದರೆ ಸವೆಯುತ್ತದಾ?"

ಕೌದಿ ಹೊಲಿಯುವ ದಾರವನ್ನು ಅವಳೇ ಕಿತ್ತು ಕೊಟ್ಟಳು. ಅವನು ಉಗುರಿನ ಬೆನ್ನಿನ ಮೇಲೆ ದಾರ ಹಾಸಿ, ಬುಡಕ್ಕೊಂದು ತುದಿಗೊಂದು ಗಂಟು ಹಾಕಿ, ಅದನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಮನೆಗೆ ಬಂದು ತನ್ನ ಹನ್ನೊಂದನ್ನೂ ಅಳೆದ. ಹನ್ನೊಂದೂ ಸಾಲಲಿಲ್ಲ. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿದ.

ಮಾರನೆಯ ವರ್ಷ ಅವನಿಗೆ ಇನ್ನೊಂದು ಉಗುರು ಸಿಕ್ಕಿತು. ದಾರಕ್ಕಿಂತ ಎರಡು ಬೆರಳು ಕಡಿಮೆ ಇತ್ತು. ಸಿಟ್ಟಿನಿಂದ ಕಲ್ಲುಚೂರಿನ ರಾಶಿಗೆ ಎಸೆದ. ಹೆಂಗಸು ಅದನ್ನು ಹೆಕ್ಕಿ, ತೊಳೆದು, ಗೂಡಿನಲ್ಲಿಟ್ಟಳು. ಬಂದವರು ಅದನ್ನೂ ಹೊಗಳಿದರು. ತಾನು ಎಸೆದದ್ದರಲ್ಲೂ ಅವಳಿಗೇ ಹೆಸರು ಬಂತಲ್ಲ ಎಂದು ಅವನ ಹೊಟ್ಟೆ ಉರಿಯಿತು. ಇನ್ನು ಮೇಲೆ ಅಳತೆಗೆ ಬಾರದ ಉಗುರು ರಾಶಿಗೆ ಬೀಳುವುದಿಲ್ಲ, ಭಟ್ಟಿಗೆ ಬೀಳುತ್ತದೆ ಎಂದು ನಿಶ್ಚಯಿಸಿದ.

ಮತ್ತೆ ಒಂದು ವರ್ಷ ಕಳೆಯಿತು. ಒಂದು ಬಂಡೆಯ ಅಂಚಿನಲ್ಲಿ ಅವನಿಗೆ ಉಗುರೊಂದು ಕಂಡಿತು. ಉಳಿಯಿಂದ ಎಬ್ಬಿಸಿ ನಾಲಿಗೆಗೆ ಮುಟ್ಟಿಸಿದ. ದಾರ ಹಿಡಿದ. ನಾಲಿಗೆ ಹೌದೆಂದಿತು, ದಾರ ಸಾಲದೆಂದಿತು. ಭಟ್ಟಿಗೆ ಎಸೆದ. ಮರುದಿನ ಅದರ ಪಕ್ಕದಲ್ಲೇ ಇನ್ನೊಂದು ಸಿಕ್ಕಿತು, ಸ್ವಲ್ಪ ದೊಡ್ಡದು. ಅದೂ ಸಾಲಲಿಲ್ಲ. ಮೂರನೆಯ ದಿನ ಸಿಕ್ಕಿದ್ದು ಎಲ್ಲಕ್ಕಿಂತ ಚಿಕ್ಕದು. ಅದನ್ನು ಅವನು ಅಳೆಯಲೂ ಇಲ್ಲ. ಒಂದೇ ಕಡೆ ಮೂರು ಯಾಕೆ ಸಿಕ್ಕವು ಎಂದು ಹಿಂದಿನ ಕಲ್ಲನ್ನು ಬಿಡಿಸಿ ನೋಡುವ ಮನಸ್ಸು ಅವನಿಗಿರಲಿಲ್ಲ. ಮೂರೂ ಬೆಂದು ಸುಣ್ಣವಾದವು. ಯಾರದೋ ಗೋಡೆಗೆ ಹೋದವು.

ಎಂಟು ದಿನದ ಮೇಲೆ ಹೆಂಗಸು ಒಂದು ಚಪ್ಪಡಿಯನ್ನು ತಲೆಯ ಮೇಲೆ ಹೊತ್ತು ಅವನ ಮನೆಗೆ ಓಡಿ ಬಂದಳು. ಇಳಿಸಿ ಏದುಸಿರು ಬಿಡುತ್ತ, "ನೋಡಿ ಸಾಹುಕಾರ್ರೇ! ಇದೇನೆಂದು ತಿಳಿಯುವವರು ಈ ಊರಲ್ಲಿ ನೀವೊಬ್ಬರೇ. ಅದಕ್ಕೇ ಮೊದಲು ಇಲ್ಲಿಗೆ ತಂದೆ" ಎಂದಳು.

ಚಪ್ಪಡಿಯಲ್ಲಿ ಆ ಪ್ರಾಣಿಯ ಒಂದು ಇಡೀ ಕೈ ಇತ್ತು. ಮಣಿಕಟ್ಟು ಇತ್ತು. ಮೂರು ಬೆರಳುಗಳ ಮೂಳೆಗಳು ಬದುಕಿದ್ದಾಗ ಇದ್ದ ಹಾಗೇ ಸಾಲಾಗಿದ್ದವು. ಅಂಥದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಮೂರು ಬೆರಳಿನ ತುದಿಯಲ್ಲೂ ಉಗುರಿನ ಜಾಗ ಖಾಲಿ. ಅಲ್ಲಿ ಉಳಿಯ ಗುರುತುಗಳಿದ್ದವು.

"ಉಗುರು ಮೂರನ್ನೂ ಯಾವನೋ ಮೊದಲೇ ಕಿತ್ತಿದ್ದಾನೆ, ಅವನ ಕೈ ಸೇದಿಹೋಗಲಿ. ಬೆಲೆ ತಿಳಿಯದೆ ಅಲ್ಲೇ ಬಿಸಾಕಿರಬೇಕು. ಇಬ್ಬರೂ ಹುಡುಕೋಣ ಬನ್ನಿ. ಸಿಕ್ಕರೆ ನಿಮ್ಮ ಪೆಟ್ಟಿಗೆಯಲ್ಲೇ ಇಡೋಣ. ನನ್ನ ಗೂಡು ಇದಕ್ಕೆ ಸಾಲದು."

ವ್ಯಾಪಾರಿಯ ಕೈ ಉಡಿದಾರಕ್ಕೆ ಹೋಯಿತು. ಅವಳ ಹಿಂದೆ ಹೋದ. ಆ ಬೇಸಗೆ ಇಡೀ ಅವಳ ಜೊತೆ ಕೂತು, ಇಲ್ಲವೆಂದು ತನಗೆ ಗೊತ್ತಿದ್ದ ಉಗುರುಗಳನ್ನು ಕಲ್ಲುಚೂರಿನಲ್ಲಿ ಹುಡುಕಿದ.

ಅವ್ವ ಕತೆ ನಿಲ್ಲಿಸಿದರು.

"ಕೊನೆಗಾದರೂ ಅವನು ಅವಳಿಗೆ ಹೇಳಿದನೇ, ಅವ್ವ?" ಎಂದು ದಾಕ್ಷಾಯಿಣಿ ಕೇಳಿದಳು.

"ಅದು ಅವನ ಪಾಡು. ಹೇಮಾವತಿ ಎಷ್ಟು ಮುಂದಿದ್ದಾಳೆ ಎಂದು ಕೇಳಿದೆಯಲ್ಲ? ಬರೆದದ್ದನ್ನು ಒಲೆಗೆ ಹಾಕುವ ಮುಂಚೆ ಹಿಡಿದು ನೋಡಿದ ನಿನ್ನ ದಾರ ತೆಗೆದುಕೊಂಡು ಬಾ, ಅಳೆದು ಹೇಳುತ್ತೇನೆ."