ಪೂವಣ್ಣನ ಐದನೇ ತಟ್ಟೆ

ಹತ್ತಿರ ಬನ್ನಿ, ಕೂತ್ಕೊಳ್ಳಿ. ನಗೋದಿದ್ರೆ ಈಗಲೇ ನಕ್ಕುಬಿಡಿ. ಕತೆ ಮುಗಿದ ಮೇಲೆ ಯಾರಾದ್ರೂ ನಮ್ಮ ಪೂವಣ್ಣನನ್ನ ಬರೀ ಪೆದ್ದ ಅಂದ್ರೋ, ನನಗೆ ಸಿಟ್ಟು ಬರುತ್ತೆ. ಮೊದಲೇ ಹೇಳಿದ್ದೀನಿ.

ಕೊಡಗಿನ ಒಂದೂರಲ್ಲಿ ಬೋಜವ್ವ ಅಂತ ಇದ್ದಳು. ಅವಳಿಗೆ ಒಬ್ಬನೇ ಮಗ, ಪೂವಣ್ಣ. ಆರಡಿ ಆಳು. ಬುದ್ಧಿ ಮಾತ್ರ ಹೇಳಿದ್ದಕ್ಕೆ ಸರಿಯಾಗಿ ಅಷ್ಟೇ! "ಹಾಲು ಉಕ್ಕಿದ್ರೆ ಹೇಳು ಮಗನೇ" ಅಂದ್ರೆ, ಪೂರ್ತಿ ಉಕ್ಕಿ ಒಲೆ ಆರಿದ ಮೇಲೆ ಬಂದು, "ಅವ್ವಾ, ಉಕ್ಕಿತು" ಅನ್ನೋನು.

ಅವನಪ್ಪ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯದಲ್ಲಿ ಎತ್ತಿದ ಕೈ. ಗೆದ್ದಾಗೆಲ್ಲ ಮೈಕಿನಲ್ಲಿ ಅವರ ಮನೆಹೆಸರು ಹಿಡಿದು "ಚೆರಿಪೊಳಂಡ ಮನೆ!" ಅಂತ ಕೂಗೋರು. ಅವನು ತೀರಿಹೋಗಿ ಹನ್ನೆರಡು ವರ್ಷ. ಆ ಹೆಸರು ಮತ್ತೆ ಮೈಕಿಗೆ ಬರಲೇ ಇಲ್ಲ. ಇನ್ನೊಂದೇ ಒಂದ್ಸಲ ಕೇಳಬೇಕು ಅಂತ ಬೋಜವ್ವನಿಗೆ ಆಸೆ. ಆಸೆ ಪೂರೈಸಬೇಕಾದವನು ಈ ಮಗ!

ಅಷ್ಟರಲ್ಲಿ ಸುಬೇದಾರ್ ಮೇದಪ್ಪ ಪಟ್ಟಾಳದಿಂದ ನಿವೃತ್ತನಾಗಿ ಬಂದ. ಬಂದವನೇ ತನ್ನ ಬಯಲಲ್ಲಿ ಹೊಸ ಆಟ ಶುರುಮಾಡಿದ. ಕೌಬಾಯ್ ಶೂಟಿಂಗ್ ಅಂತೆ! ಅಗಲ ಟೋಪಿ, ಉದ್ದ ಬೂಟು, ಹಳೇ ಕಾಲದ ಕೋವಿ. ಎದುರಿಗೆ ಐದು ಕಬ್ಬಿಣದ ತಟ್ಟೆ. ಐದನ್ನೂ ಬೇಗ ಬೀಳಿಸಿದವನ ಮನೆಹೆಸರು ಮೈಕಿನಲ್ಲಿ!

"ಹೋಗು ಮಗನೇ, ಸೇರ್ಕೋ. ಸುಬೇದಾರ್ ಮಾವ ಹೇಳಿದ ಹಾಗೇ ಮಾಡು" ಅಂದಳು ಬೋಜವ್ವ.

"ಹಾಗೇ ಆಗ್ಲಿ ಅವ್ವಾ!"

ಸುಬೇದಾರ ಹೇಳಿದ: "ಕೌಬಾಯ್ ಅಂದ್ರೆ ದನ ಕಾಯೋನು ಕಣೋ. ನಾಳೆ ದನ ಕಾಯೋನ ಹಾಗೇ ಬರಬೇಕು."

"ಹಾಗೇ ಆಗ್ಲಿ ಮಾವ!"

ಮಾರನೇ ದಿನ ಬಂದ. ತಲೆ ಮೇಲೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಕೋಲು, ಮುಂದೆ ಏಳು ದನ! ಬಯಲೆಲ್ಲ ಸಗಣಿ. ಒಂದು ಹಸು ಸುಬೇದಾರನ ಹುಲ್ಲಿನ ಟೋಪಿಯನ್ನೇ ಮೇಯ್ದುಬಿಟ್ಟಿತು.

"ಅಯ್ಯೋ ನಿನ್ನ! ಇಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರಿರಬೇಕು. ನಿನ್ನನ್ನ ಊರವರು ಏನಂತಾರೆ?"

"ಪೆದ್ದ ಅಂತಾರೆ ಮಾವ."

"ಸರಿಯಾಗೇ ಅಂತಾರೆ!" ಅಂತ ಪಟ್ಟಿಯಲ್ಲಿ ಹಾಗೇ ಬರಕೊಂಡ. "ಕೇಳು. ಇನ್ನು ಮೇಲೆ ತಂದದ್ದನ್ನ ಗೇಟಿಗೆ ಕಟ್ಟಿ, ಹುಲ್ಲು ಹಾಕಿ, ಆಮೇಲೆ ಒಳಗೆ ಬಾ!"

"ಹಾಗೇ ಆಗ್ಲಿ ಮಾವ!"

ಮುಂದಿನ ವಾರ ಬೋಜವ್ವ ಗಂಡನ ಜೋಡುನಳಿಗೆ ಕೋವಿಯನ್ನ ಪೆಟ್ಟಿಗೆಯಿಂದ ತೆಗೆದಳು. ಎಣ್ಣೆ ಹಚ್ಚಿ ಒರೆಸಿ, ಕಣ್ಣಿಗೊತ್ತಿಕೊಂಡು ಮಗನ ಕೈಗಿಟ್ಟಳು. ಪೂವಣ್ಣ ಏನು ಮಾಡಿದ? ಕೋವಿಗೆ ಹಗ್ಗ ಬಿಗಿದ, ಗೇಟಿಗೆ ಕಟ್ಟಿದ, ಒಂದು ಹೊರೆ ಹುಲ್ಲು ಹಾಕಿದ, ಬರಿಗೈಯಲ್ಲಿ ಒಳಗೆ ಬಂದ!

"ಕೋವಿ ಎಲ್ಲೋ?"

"ಮೇಯ್ತಾ ಇದೆ ಮಾವ."

ಸುಬೇದಾರ ತಲೆ ಚಚ್ಚಿಕೊಂಡ. "ಕೋವಿಗೆ ಹುಲ್ಲು ಹಾಕ್ತಾರೇನೋ! ಕೈಯಲ್ಲೇ ಹಿಡ್ಕೊಂಡು ಬರಬೇಕು. ಮೂತಿ ಯಾವಾಗಲೂ ನೆಲಕ್ಕೆ. ಬಂದ ಕೂಡಲೇ ತೆರೆದು, ಒಳಗೆ ಏನೂ ಇಲ್ಲ ಅಂತ ನನಗೆ ತೋರಿಸಬೇಕು!"

"ಹಾಗೇ ಆಗ್ಲಿ ಮಾವ!"

ಬೋಜವ್ವನಿಗೆ ನಾಚಿಕೆ. ಸುಬೇದಾರನ ಕೋಪ ಇಳೀಲಿ ಅಂತ ಒಂದು ಕೊಡ ಕಾಡುಜೇನು ಕಳಿಸಿದಳು. ಪೂವಣ್ಣ ಕೊಡ ಹಿಡಿದ, ಮೂತಿ ನೆಲಕ್ಕೆ! ಎರಡು ಮೈಲಿ ದಾರಿ, ಹಿಂದೆ ಇರುವೆ ಸಾಲು. ಬಂದ ಕೂಡಲೇ ಕೊಡ ಎತ್ತಿ ತೋರಿಸಿದ.

"ನೋಡಿ ಮಾವ, ಒಳಗೆ ಏನೂ ಇಲ್ಲ!"

"ಹಾಳಾಯ್ತು! ಹೋಗು, ಇಲ್ಲಿ ನಿಲ್ಲಬೇಡ! ಮನೇಲೇ ಹೊಡೆದು ಕಲಿ. ಎರಡು ಗುಂಡು, ಒಂದರ ಬೆನ್ನಿಗೆ ಒಂದು, ಮಧ್ಯೆ ಉಸಿರೂ ಬಿಡಬಾರದು. ಧಡ್ ಧಡ್!"

"ಹಾಗೇ ಆಗ್ಲಿ ಮಾವ!"

ಮಧ್ಯಾಹ್ನ. ಬೋಜವ್ವ ಜಗಲಿಯಲ್ಲಿ ನೊಣದ ಕಾಟಕ್ಕೆ ಮುಖದ ತುಂಬ ಬಟ್ಟೆ ಹೊದ್ದು ಮಲಗಿದ್ದಳು. ಪೂವಣ್ಣ ಹಿತ್ತಲಲ್ಲಿ ಬಾಳೆದಿಂಡಿಗೆ ಗುರಿಯಿಟ್ಟ. ಧಡ್ ಧಡ್!

ಕೊಡಗಲ್ಲಿ ಮನೆ ಹತ್ತಿರ ಜೋಡಿ ಗುಂಡು ಕೇಳಿಸಿದ್ರೆ ಏನರ್ಥ? ಆ ಮನೇಲಿ ಸಾವಾಯ್ತು ಅಂತ. ಗಳಿಗೆಯಲ್ಲಿ ಊರೇ ಬಿಳಿಬಟ್ಟೆ ಉಟ್ಟು ಓಡಿಬಂತು. ನೋಡಿದ್ರೆ ಜಗಲಿಯಲ್ಲಿ ಬೋಜವ್ವ, ಮುಖದ ಮೇಲೆ ಬಟ್ಟೆ!

"ಅಯ್ಯೋ, ಹೋದೆಯಾ ಬೋಜವ್ವಾ!" ಅಂತ ಗೋಳೋ ಅಂದರು. ಬೋಜವ್ವ ಎದ್ದು ಕೂತು, "ಯಾರು ಹೋದದ್ದು?" ಅಂದಳು. ಅಳುತ್ತಿದ್ದವರೆಲ್ಲ ಅಂಗಳ ಬಿಟ್ಟು ಓಡಿದರು.

"ಬದುಕಿರೋಳನ್ನೇ ಸಾಯಿಸಿದೆಯಲ್ಲೋ!" ಅಂತ ಬೋಜವ್ವ ಮಗನನ್ನ ಬೈದಳು. "ಜೋಡಿ ಗುಂಡು ಬಯಲಲ್ಲಿ ತಟ್ಟೆಗೆ ಹೊಡಿ, ಮನೇಲಿ ಬೇಡ! ಗಂಡುಮಗು ಹುಟ್ಟಿದ್ರೆ ಒಂದೇ ಗುಂಡು, ಆಕಾಶಕ್ಕೆ. ತಕ್ಷಣ ಹೊಡೀಬೇಕು. ಅದು ನಮ್ಮ ಪದ್ಧತಿ. ತಲೆಗೆ ಹೋಯ್ತಾ?"

"ಹೋಯ್ತು ಅವ್ವಾ. ಹಾಗೇ ಆಗ್ಲಿ!"

ಪಂದ್ಯದ ದಿನ ಬಂತು. ಬಯಲ ತುಂಬ ಜನ. ಮೈಕಿನಲ್ಲಿ "ಮುಂದಿನವರು, ಪೆದ್ದ!" ಅಂದರು. ಜನ ಬಿದ್ದು ಬಿದ್ದು ನಕ್ಕರು. ಬೋಜವ್ವ ತಲೆ ತಗ್ಗಿಸಿದಳು.

ಪೂವಣ್ಣ ನಿಂತ. ಟೋಪಿ ಸರಿ, ಬೂಟು ಸರಿ, ಕೋವಿಯ ಮೂತಿ ನೆಲಕ್ಕೆ. ಸೀಟಿ ಊದಿದರು. ಧಡ್ ಧಡ್! ಎರಡು ತಟ್ಟೆ ಠಣ್ ಠಣ್! ಕೋವಿ ತೆರೆದ, ಗುಂಡಿನ ತೋಟಾ ತುಂಬಿದ, ಮುಚ್ಚಿದ. ಧಡ್ ಧಡ್! ಇನ್ನೆರಡು ಠಣ್ ಠಣ್! ನಗು ನಿಂತುಹೋಯ್ತು. ಅದೇ ಭುಜ, ಅದೇ ಕಣ್ಣು, ಅವನಪ್ಪನೇ ಬಂದು ನಿಂತ ಹಾಗಿತ್ತು. ಅಷ್ಟು ಬೇಗ ಆ ಬಯಲಲ್ಲಿ ಯಾರೂ ಹೊಡೆದಿರಲಿಲ್ಲ. ಉಳಿದದ್ದು ಒಂದು ತಟ್ಟೆ, ಒಂದು ತೋಟಾ. ತುಂಬಿದ, ಗುರಿಯಿಟ್ಟ.

ಬೋಜವ್ವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದಳು: "ಭೇಷ್ ಮಗನೇ! ಇವತ್ತು ನನಗೆ ಗಂಡುಮಗ ಹುಟ್ಟಿದ!"

ಪೂವಣ್ಣನ ಕಿವಿಗೆ ಬಿತ್ತು. ತಟ್ಟೆಗೆ ಗುರಿಯಿಟ್ಟಿದ್ದ ಕೋವಿಯನ್ನ ತಿರುಗಿಸಿ ಆಕಾಶಕ್ಕೆ ಎತ್ತಿದ. ಧಡ್! ಒಂದೇ ಗುಂಡು!

ತಟ್ಟೆ ನಿಂತ ಹಾಗೇ ನಿಂತಿತ್ತು. ಸುಬೇದಾರ ಬಾಯಿ ತೆರೆದವನು ಮುಚ್ಚಲಿಲ್ಲ.

"ತಕ್ಷಣ ಹೊಡೆದೆ ಅವ್ವಾ! ತಮ್ಮ ಎಲ್ಲಿ?" ಅಂದ ಪೂವಣ್ಣ.

"ತಮ್ಮ ಅಲ್ವೋ, ನೀನೇ!" ಅಂದಳು ಬೋಜವ್ವ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಪಕ್ಕದಲ್ಲಿ ಸೂಲಗಿತ್ತಿ ಚೋಂದವ್ವಜ್ಜಿ ಕೂತಿದ್ದಳು, ಮಹಾ ಕುಚೋದ್ಯದ ಮುದುಕಿ. ಬೇಲಿಯ ಹರಳುಗಿಡ ಮುರಿದು ಗೇಣುದ್ದದ ಬಿಲ್ಲು ಕಟ್ಟಿ, ಒಂದು ಕಡ್ಡಿಬಾಣ ಮಾಡಿ ತಂದಳು. "ಹುಟ್ಟಿದ ಗಂಡುಮಗುವಿನ ಕೈಗೆ ಹರಳುಬಿಲ್ಲು ಕೊಡಬೇಕಲ್ಲ. ತಗೋ ಮಗಾ, ನಮ್ಮ ಪದ್ಧತಿ."

ಸುಬೇದಾರ ಮೈಕ್ ಹಿಡಿದ. ಬಹುಮಾನದ ಕಪ್ ನಿಯಮದ ಪ್ರಕಾರ ಬೇರೆಯವರಿಗೆ ಹೋಯ್ತು. ಯಾರಿಗೆ ಅಂತ ನನ್ನನ್ನ ಕೇಳಬೇಡಿ, ಯಾರಿಗೂ ನೆನಪಿಲ್ಲ. ಆದ್ರೆ ಸುಬೇದಾರ ಪಟ್ಟಿಯಲ್ಲಿದ್ದ "ಪೆದ್ದ" ಅನ್ನೋದನ್ನ ಹೊಡೆದುಹಾಕಿ ಎದೆ ತುಂಬಿ ಕೂಗಿದ: "ಚೆರಿಪೊಳಂಡ ಮನೆ! ಚೆರಿಪೊಳಂಡ ಪೂವಣ್ಣ! ನಾಲ್ಕು ತಟ್ಟೆ!"

ಹನ್ನೆರಡು ವರ್ಷದ ಮೇಲೆ ಆ ಹೆಸರು! ಬೋಜವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ನಾನು ಅಲ್ಲೇ ಇದ್ದೆ, ನನ್ನ ಕಣ್ಣೂ ಒದ್ದೆಯಾಯ್ತು.

"ನಾಲ್ಕಲ್ಲ ಮಾವ, ತಡೀರಿ!" ಅಂದ ಪೂವಣ್ಣ. ಆರಡಿ ಆಳು ಗೇಣುದ್ದದ ಬಿಲ್ಲಿಗೆ ಕಡ್ಡಿಬಾಣ ಹೂಡಿದ. ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಬಿಟ್ಟ. ಬಾಣ ಹೋಗಿ ಐದನೇ ತಟ್ಟೆಯ ನಟ್ಟನಡುವೆ ಟಿಕ್ ಅಂತ ತಾಗಿ ಕೆಳಗೆ ಬಿತ್ತು.

"ಐದು!" ಅಂತ ಕೂಗಿದಳು ಬೋಜವ್ವ.